ಎತ್ತಿನ ಪಾಲು, ಪಟೇಲರ ಪಾಲು

ಜ್ವರದಿಂದ ಎದ್ದ ಪಟೇಲ ಪುಟ್ಟಲಿಂಗಪ್ಪನವರು ಗೋಡೆ ಹಿಡಿದು ನಡೆಯುತ್ತಿದ್ದರು. ಅಡುಗೆಯ ಸಣ್ಣೀರಮ್ಮನನ್ನು ಕರೆದು ಗದರಿದರು: "ಮೈಗೆ ಶಕ್ತಿ ಬರೋ ಸಾರು ಮಾಡು. ಹುರುಳಿ ಮಾತ್ರ ಬೇಡ, ಅದು ಎತ್ತು ತಿನ್ನೋದು. ಒಂದು ಕಾಳು ನನ್ನ ತಟ್ಟೇಲಿ ಕಂಡ್ರೂ ನಿನ್ನ ಕೆಲಸ ಹೋಯ್ತು!"

ಸಣ್ಣೀರಮ್ಮ ದಿನವೂ ಬೆಳ್ಳುಳ್ಳಿ, ಮೆಣಸು ಅರೆದು ಹಾಕಿ ಬಿಸಿಬಿಸಿ ಸಾರು ಬಡಿಸಿದಳು. ಎಂಟೇ ದಿನಕ್ಕೆ ಪಟೇಲರು ಒಬ್ಬರೇ ಹೊಲದವರೆಗೆ ನಡೆದುಹೋಗಿ ಬಂದರು.

"ಇದು ಯಾತರ ಸಾರು?"

"ಹುರುಳಿಕಟ್ಟಿಂದು, ಬುದ್ಧಿ."

ಪಟೇಲರ ಮೀಸೆ ಅದುರಿತು. "ಎತ್ತು ತಿನ್ನೋದನ್ನ ನನಗೆ ಹಾಕಿದೆಯಾ?"

"ಎಲ್ಲಾದ್ರೂ ಉಂಟಾ ಬುದ್ಧಿ! ಬೆಂದ ಕಾಳೆಲ್ಲ ಎತ್ತಿಗೇ ಹಾಕಿದೆ. ಬಸಿದ ನೀರಲ್ಲಿ ನಿಮಗೆ ಸಾರು ಮಾಡಿದೆ. ತಟ್ಟೇಲಿ ಒಂದು ಕಾಳಾದ್ರೂ ಕಾಣಿಸ್ತಾ?"

ಪಟೇಲರು ಖಾಲಿ ಬಟ್ಟಲು ನೋಡಿದರು. ಕೊಟ್ಟಿಗೆಯ ಕಡೆ ನೋಡಿದರು.

"ಎತ್ತುಗಳು ಯಾಕೋ ಬಡವಾಗಿವೆ. ನಾಳೆಯಿಂದ ಇನ್ನೊಂದು ಸೇರು ಜಾಸ್ತಿ ಬೇಯಿಸು."