ಗುಳ್ಳದ ಗಿಡ ಮತ್ತು ಅಜ್ಜನವರ ಕೆಮ್ಮು

ಗುಳ್ಳದ ಗಿಡದ ಬೇರನ್ನು, ಅದರ ಕಾಯಿ ಹಣ್ಣಾಗಿ ಬೀಜ ನೆಲಕ್ಕೆ ಬೀಳುವ ತನಕ, ಯಾರೂ ಕೀಳತಕ್ಕದ್ದಲ್ಲ. ಕರಿಗುಡ್ಡದ ಸುತ್ತಿನ ಊರುಗಳಿಗೆ ಈ ಕಟ್ಟಳೆ ಹಾಕಿಕೊಟ್ಟವರು ನಾಟಿವೈದ್ಯರಾದ ಮಹಾರುದ್ರ ಪಂಡಿತರು. ಮೊದಲು ಮುರಿದವರೂ ಅವರೇ. ಕೆಮ್ಮು ದಮ್ಮಿಗೆ ಆ ಮುಳ್ಳುಗಿಡದ ಬೇರಿನ ಕಷಾಯವನ್ನು ಮೀರಿದ ಮದ್ದು ಅವರ ಬಳಿ ಇರಲಿಲ್ಲ. ಚಳಿಗಾಲ ಬಂತೆಂದರೆ ರೋಗಿಗಳು ಕಾಯುವುದಿಲ್ಲ. ಅವರನ್ನು ನೋಡಿ ಊರವರೂ ಕಿತ್ತರು. ಮೂರು ವರ್ಷದಲ್ಲಿ ಗುಡ್ಡ ಬೋಳಾಯಿತು.

ಆ ಗುಡ್ಡದ ಬುಡದಲ್ಲಿದ್ದ ಮಣ್ಣುಗೋಡೆಯ ಮಠದಲ್ಲಿ ಪರಮಪೂಜ್ಯ ಶ್ರೀ ನಿಶ್ಚಿಂತ ಅಜ್ಜನವರು ವಾಸವಾಗಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಇಷ್ಟೇ ಅವರ ಸಂಸಾರ. ಆ ಮಾರ್ಗಶಿರದಲ್ಲಿ ಅವರಿಗೆ ಮತ್ತೆ ದಮ್ಮು ಹತ್ತಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಉಳಿದಿದ್ದ ಗುಳ್ಳದ ಗಿಡವೋ ಒಂದೇ, ಮಠದ ಹಿತ್ತಲಿನದು. ಅದರ ಕಾಯಿ ಇನ್ನೂ ಹಸಿರು.

ಪಂಡಿತರು ಗುದ್ದಲಿ ಹಿಡಿದು ಬಂದರು. ಮನಸ್ಸಿನಲ್ಲಿ ಅಳುಕಿರಲಿಲ್ಲ. ಇಂಥ ಜೀವಕ್ಕಲ್ಲದೆ ಇನ್ನಾರಿಗೆ ಈ ಬೇರು? ಮಠದ ಅಡುಗೆಯ ಗೌರವ್ವ ಬಾಗಿಲಲ್ಲೇ ಚುಚ್ಚಿದಳು: "ಕಟ್ಟಳಿ ಮಾಡಾವ್ರೂ ನೀವ, ಮುರಿಯಾವ್ರೂ ನೀವ. ನಾವು ಹೌದೌದು ಅನ್ನಾಕಷ್ಟ ಇರೂದು." ಅಷ್ಟು ಅಂದವಳೇ ಕಷಾಯಕ್ಕೆ ನೀರು ಕಾಯಲಿಟ್ಟಳು.

ಅಜ್ಜನವರು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಹೋದ ವರ್ಷ ತಾವು ಕುಡಿದ ಕಷಾಯ ಎಂಥ ಗಿಡದ್ದೆಂದು ಕೇಳಿದರು. ಆಗಷ್ಟೇ ಹೂಬಿಟ್ಟಿದ್ದ ಗಿಡದ್ದೆಂದು ಪಂಡಿತರು ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ಗೊತ್ತಿಲ್ಲದೆ ಕುಡಿದ ತಾವೂ ಕಟ್ಟಳೆ ಮುರಿದವರೇ ಎಂದರು ಅಜ್ಜನವರು. ಈ ಬೇರೊಂದು ಸಿಕ್ಕರೆ ಜೀವ ಉಳಿದೀತು, ಬೇಡವೆಂದರೆ ಮುಂದಿನದಕ್ಕೆ ತಾವು ಹೊಣೆಯಲ್ಲ ಎಂದು ಪಂಡಿತರು ಪಟ್ಟು ಹಿಡಿದರು.

ಅಜ್ಜನವರು ಕೆಮ್ಮು ತಗ್ಗುವ ತನಕ ಕಾದರು.

"ಪಂಡಿತರ, ಕೆಮ್ಮು ಬಂದಿರೂದು ನನಗ. ಗಿಡಕ್ಕ ಏನಾಗೇತಿ?"

ನಲವತ್ತು ವರ್ಷ ವೈದ್ಯವೃತ್ತಿ ಮಾಡಿದರೂ ತಾವು ರೋಗಿಯನ್ನು ನೋಡಿದ್ದೇ ಹೊರತು ಗಿಡವನ್ನು ನೋಡಿರಲಿಲ್ಲವೆಂದು ಪಂಡಿತರಿಗೆ ಅಂದು ಹೊಳೆಯಿತು. ಮುಂದೆ ಬದುಕಿದ್ದಷ್ಟು ಕಾಲ ಅವರು ಗುಳ್ಳದ ಬೀಜ ಶಲ್ಯದ ಸೆರಗಿಗೆ ಕಟ್ಟಿಕೊಂಡು ಗುಡ್ಡ ತಿರುಗಿದರು. ಮಾಗದ ಗಿಡಕ್ಕೆ ಕೈ ಹಚ್ಚಲಿಲ್ಲ. ಅಜ್ಜನವರ ದಮ್ಮು ಆ ಚಳಿಗಾಲ ಮುಗಿಯುವ ತನಕ ಬಿಡಲಿಲ್ಲ.

ಅಂದು ಪಂಡಿತರು ಗುದ್ದಲಿ ಕೆಳಗಿಟ್ಟು ಕೈಕಟ್ಟಿ ನಿಂತರು. ಅಜ್ಜನವರು ಅದನ್ನೆತ್ತಿಕೊಂಡು, ಎರಡು ಏಟಿಗೊಮ್ಮೆ ಕುಳಿತು ಉಸಿರೆಳೆದುಕೊಳ್ಳುತ್ತ, ಬೇರಿಗೆ ತಾಗದ ಹಾಗೆ, ಗಿಡದ ಸುತ್ತ ಪಾತಿ ಮಾಡಿದರು.