ಅಲೆ ಕೆಟ್ಟ ದಿನ

“ಬುದ್ಧೀ, ನಾಳೆ ನಮ್ಮಕ್ಕ ನನ್ನನ್ನು ನೋಡಲು ಬರುತ್ತಾಳಂತೆ. ಮುಂದಿನ ವರ್ಷ ಬಾ ಎಂದು ಹೇಳಿ ಕಳಿಸಲೇ?” ಎಂದು ಶಿಷ್ಯ ಚನ್ನಮಲ್ಲ ಗುರುಗಳನ್ನು ಕೇಳಿದ.

ತಾಯಿಯಿಲ್ಲದ ಅವನನ್ನು ಸಾಕಿದವಳು ಆ ಅಕ್ಕ. ಮಠ ಸೇರುತ್ತೇನೆಂದಾಗ ಅಳುತ್ತಾ ಬಾಗಿಲಿಗೆ ಅಡ್ಡ ನಿಂತವಳೂ ಅವಳೇ. ಮನಸ್ಸು ಇನ್ನೂ ಒಂದೆಡೆ ನಿಲ್ಲುತ್ತಿಲ್ಲ, ಅವಳಿಗೆ ಯಾವ ಮುಖ ತೋರಿಸಲಿ, ಏನಾದರೂ ಸಾಧಿಸಿದ ಮೇಲೆ ಬರಲಿ ಎಂಬುದು ಅವನ ಅಳಲು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಮಗ ಮಗ್ಗ ಬಿಟ್ಟು ಕಡಲ ತೀರ ಸೇರಿ ಸರ್ಫಿಂಗ್ ಕಲಿತ. ಹಲಗೆಯ ಮೇಲೆ ನಿಂತು ಅಲೆ ಏರುವುದು, ಬಂದವರಿಗೆ ಅದನ್ನೇ ಕಲಿಸುವುದು ಅವನ ಬದುಕಾಯಿತು. ನೀರಾಟಕ್ಕಾಗಿ ಮನೆತನದ ಕಸುಬು ಬಿಟ್ಟನೆಂದು ತಂದೆ ಅವನೊಡನೆ ಮಾತು ಬಿಟ್ಟ. ವರ್ಷಗಳು ಕಳೆದವು. ಕಡೆಗೆ ತಂದೆಯೇ ಮನಸ್ಸು ತಡೆಯದೆ, ನೀನು ಮಾಡುವುದನ್ನು ಒಮ್ಮೆ ನೋಡಿ ಸಂಜೆಯ ರೈಲಿಗೆ ಹಿಂದಿರುಗುತ್ತೇನೆ ಎಂದು ಹೇಳಿ ಕಳಿಸಿದ.

ಮಗನಿಗೆ ಹಿಡಿಸಲಾರದ ಸಂತೋಷ. ಕಾಲು ಜಾರದಂತೆ ಹಲಗೆಗೆ ಹೊಸದಾಗಿ ಮೇಣ ತಿಕ್ಕಿದ.

ಅಲೆ ಏರುವವರಿಗೆ ನೆಲದ ಕಡೆಯಿಂದ ಬೀಸುವ ಗಾಳಿ ಬೇಕು. ಆಗ ಅಲೆ ನುಣುಪಾಗಿ ಎದ್ದು ನಿಲ್ಲುತ್ತದೆ. ತಂದೆ ಬಂದ ದಿನ ಗಾಳಿ ಕಡಲ ಕಡೆಯಿಂದ ಎದ್ದಿತು. ಅಲೆಗಳು ಎಲ್ಲೆಂದರಲ್ಲಿ ಒಡೆದು ಕಲಸಿಹೋದವು. ಅಂಥ ನೀರಿನಲ್ಲಿ ಅಪಾಯವೇನಿಲ್ಲ, ಆದರೆ ನಿಲ್ಲುವುದು ಕಷ್ಟ, ನಿಂತರೂ ಚಂದವಿಲ್ಲ. ಬಲ್ಲವರು ಆ ದಿನ ಇಳಿಯುವುದಿಲ್ಲ.

ಮಗ ಹಿಡಿ ಹಿಡಿ ಮರಳೆತ್ತಿ ಬಿಟ್ಟು ಗಾಳಿಯ ದಿಕ್ಕು ನೋಡಿದ. ಅದು ತಿರುಗಲಿಲ್ಲ. ತಂದೆ ಕೊಡೆ ಹಿಡಿದು ದಡದಲ್ಲಿ ಕೂತೇ ಇದ್ದ. ಮಧ್ಯಾಹ್ನ ಕಳೆದ ಮೇಲೆ, ಹೇಗಾದರಾಗಲಿ ಒಂದು ಸಲ ಇಳಿ ಎಂದು ಕೇಳಿಯೂ ನೋಡಿದ.

“ಇವತ್ತಿನ ಅಲೆ ಅಲೆಯೇ ಅಲ್ಲಪ್ಪಾ. ಇದನ್ನ ನೋಡಿದ್ರ ನೀ ನನ್ನ ಕಸುಬು ಇಷ್ಟೇ ಅಂದ್ಕೋತಿ. ಇನ್ನೊಮ್ಮೆ ಬಾ,” ಎಂದ ಮಗ.

ಪಾಪ, ಅವನದು ಜಂಬವಲ್ಲ. ಇಷ್ಟು ವರ್ಷದ ಮೇಲೆ ಬಂದ ತಂದೆಯ ಮುಂದೆ ಬಿದ್ದು ನಗೆಪಾಟಲಾದರೆ ಗತಿಯೇನು ಎಂದು ಹೆದರಿದ. ಆ ಹೆದರಿಕೆಯೂ ಪ್ರೀತಿಯೇ. ಅದಕ್ಕೇ ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಸಂಜೆ ರೈಲು ಬಂತು. ಹತ್ತಿ ಕಿಟಕಿಯ ಬಳಿ ಕೂತ ತಂದೆ ಮಗನ ಕೈ ಹಿಡಿದುಕೊಂಡ.

“ಯಾವ ಅಲೆ ಛಲೋ, ಯಾವುದು ಕೆಟ್ಟದ್ದು, ನನಗೇನ್ ತಿಳೀತಿತ್ತಪ್ಪಾ? ನೀ ಬಿದ್ದಿದ್ರೂ ಕಣ್ತುಂಬ ನೋಡ್ತಿದ್ದೆ.”

ರೈಲು ಹೊರಟಿತು. ಮರುದಿನ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಬೀಸಿತು. ಮಗ ಅಲೆ ಏರಿ ದಡದವರೆಗೂ ನಿಂತೇ ಬಂದ. ಬಂದು, ತಂದೆ ಕೂತಿದ್ದ ಜಾಗವನ್ನು ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ತಲೆ ತಗ್ಗಿಸಿ ಕೂತಿದ್ದ. ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, ಅವರೇ ಒಂದು ಪ್ರಶ್ನೆ ಕೇಳಿದರು.

“ನಾಳೆ ನಿಮ್ಮಕ್ಕನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ?”