ದರ್ಜಿ ಕೊಂಡ ಕ್ಯಾಮರಾ

"ಗುರುಗಳೇ, ನಾನು ಯಾವ ಸಾಧನೆಯನ್ನು ಆರಿಸಿಕೊಳ್ಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಸುಮ್ಮನೆ ಕುಳಿತಾಗ ಒಮ್ಮೊಮ್ಮೆ ಒಂದು ಶಾಂತಿ ಬಂದು ಎದುರಿಗೆ ನಿಂತ ಹಾಗಾಗುತ್ತದೆ. ಹಿಡಿದಿಟ್ಟುಕೊಳ್ಳೋಣ ಎನ್ನುವಷ್ಟರಲ್ಲಿ ಹೊರಟುಹೋಗಿರುತ್ತದೆ. ಜಪ ಮಾಡಿ ನೋಡಿದೆ. ಉಸಿರು ಎಣಿಸಿ ನೋಡಿದೆ. ಈಗ ಅದು ಬಂದ ಕೂಡಲೇ ಬರೆದಿಡೋಣ ಎಂದು ಈ ಪುಸ್ತಕ ಇಟ್ಟುಕೊಂಡಿದ್ದೇನೆ. ಯಾವುದೂ ಕೈಗೆ ಹತ್ತುತ್ತಿಲ್ಲ. ನನ್ನಂಥ ಸಾಮಾನ್ಯನಿಗೆ ಹೊಂದುವಂಥದ್ದು ಒಂದನ್ನು ಹೇಳಿ."

ಹೇಳುವಾಗ ಶಿಷ್ಯನ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಗುರುಗಳು ಅದನ್ನು ನೋಡಿದರು. "ಮೊದಲು ಕಾಲು ನಿಲ್ಲಿಸು" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನನ್ನು ಸಾಕಿದವಳು ಅವನ ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅವಳಿಗೆ ಹದಿಮೂರು. ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳೂ ಅವಳೇ.

ಅವನ ಮದುವೆಯ ದಿನ ಊಟದ ಮೊದಲ ಪಂಕ್ತಿಗೆ ಎಲ್ಲರನ್ನೂ ಕರೆದರು. ಅಕ್ಕನನ್ನು ಕರೆಯುವುದು ಮರೆತುಹೋಯಿತು. ಮರೆತದ್ದು ಅಷ್ಟೇ, ಬೇರೆ ಏನೂ ಇರಲಿಲ್ಲ. ಕರೆಯದೆ ಎಲೆಯ ಮುಂದೆ ಕೂರುವ ಹೆಂಗಸಲ್ಲ ಅವಳು. ಕಂಬಕ್ಕೊರಗಿ ನಿಂತೇ ಇದ್ದಳು. ಕೊನೆಗೆ ತಡೆಯಲಾರದೆ ಒಂದು ಮಾತು ಅಂದಳು. ಅವನು, "ಕರೆಯದಿದ್ರೆ ಏನಾಯ್ತು, ಬಂದು ಕೂರಬೇಕಿತ್ತು" ಎಂದು ಬೀಗರ ಎದುರಿಗೇ ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಉಣ್ಣದೆ ಹೊರಟಳು. ಆಮೇಲೆ ಒಂಬತ್ತು ವರ್ಷ ತಮ್ಮನ ಹೊಸ್ತಿಲು ತುಳಿಯಲಿಲ್ಲ.

ಮದುವೆಯ ಫೋಟೋ ಬಂತು. ಅದರಲ್ಲಿ ಅಕ್ಕ ತಮ್ಮನ ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬಟ್ಟೆಯ ಕತ್ತರಿ ತೆಗೆದುಕೊಂಡು ಅವಳನ್ನು ಕತ್ತರಿಸಿ ಬಿಸಾಡಿದ. ಪಳಗಿದ ಕೈ, ಅಂಚು ಎಲ್ಲಿಯೂ ಸೊಟ್ಟಗಾಗಲಿಲ್ಲ. ಉಳಿದದ್ದಕ್ಕೆ ಕಟ್ಟು ಹಾಕಿಸಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ತೂಗುಹಾಕಿದ. ನೆಂಟರು ನೋಡಿದರು, ಸುದ್ದಿ ಅಕ್ಕನ ಕಿವಿಗೂ ಮುಟ್ಟಿತು. ಒಂದೆರಡು ವರ್ಷದಲ್ಲಿ ಅವನ ಸಿಟ್ಟು ಇಳಿಯಿತು. ಆದರೆ ಅವನ ಭುಜದ ಮೇಲೆ ಅಕ್ಕನ ನಾಲ್ಕು ಬೆರಳು ಉಳಿದುಬಿಟ್ಟಿದ್ದವು. ತಲೆ ಎತ್ತಿದಾಗಲೆಲ್ಲ ಅವು ಕಾಣುತ್ತಿದ್ದವು.

ಒಂಬತ್ತನೆಯ ವರ್ಷದ ಆಷಾಢದಲ್ಲಿ ಅಕ್ಕ ಹೇಳಿಕಳಿಸಿದಳು: ಈ ಸಲ ಆಯುಧಪೂಜೆಗೆ ಬರುತ್ತೇನೆ.

ದರ್ಜಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಕ್ಕ ಬಂದ ಕೂಡಲೇ ಅವಳ ಫೋಟೋ ತೆಗೆಯಬೇಕು, ಆ ಹಳೆಯದನ್ನು ಇಳಿಸಿ ಇದನ್ನು ಹಾಕಬೇಕು ಎಂದುಕೊಂಡ. ಆಗ ಫೋನುಗಳು ಬರೀ ಮಾತಾಡುತ್ತಿದ್ದ ಕಾಲ. ಪೇಟೆಗೆ ಹೋಗಿ, ಕೈಗೆಟುಕುವಂಥ ಒಂದು ಸಣ್ಣ ಡಿಜಿಟಲ್ ಕ್ಯಾಮರಾ ತೋರಿಸಿ ಎಂದ. ಅಂಗಡಿಯವನು ನಾಲ್ಕೈದನ್ನು ಹರಡಿದ. ಒಂದು ಜೇಬಿನಲ್ಲಿ ಹಿಡಿಯುತ್ತಿತ್ತು, ಆದರೆ ದೂರದ್ದನ್ನು ಹತ್ತಿರ ತರುತ್ತಿರಲಿಲ್ಲ. ಇನ್ನೊಂದು ತರುತ್ತಿತ್ತು, ಆದರೆ ಇಟ್ಟಿಗೆಯಷ್ಟು ದಪ್ಪ. ಒಂದಕ್ಕೆ ಸೆಲ್ಲು ಹಾಕಬೇಕು, ಮತ್ತೊಂದನ್ನು ಚಾರ್ಜು ಮಾಡಬೇಕು. ಒಂದರಲ್ಲಿ ಎಂಟು ಮೆಗಾಪಿಕ್ಸೆಲ್, ಒಂದರಲ್ಲಿ ಹತ್ತು. ಮೆಗಾಪಿಕ್ಸೆಲ್ ಎಂದರೇನೆಂದು ಅವನಿಗೂ ತಿಳಿಯದು, ಅಂಗಡಿಯವನಿಗೂ ತಿಳಿಯದು. ಎಂಟಕ್ಕಿಂತ ಹತ್ತು ದೊಡ್ಡದು ಎಂಬುದು ಮಾತ್ರ ಇಬ್ಬರಿಗೂ ತಿಳಿದಿತ್ತು.

"ಯಾರ ಫೋಟೋ ತೆಗೀಬೇಕು ಯಜಮಾನ್ರೆ?" ಎಂದು ಅಂಗಡಿಯವನು ಕೇಳಿದ.

"ನಮ್ಮಕ್ಕಂದು."

"ಹಂಗಾದ್ರೆ ಇದ್ರಲ್ಲಿ ಯಾವುದಾದ್ರೂ ಆಗುತ್ತೆ. ಅಕ್ಕ ಎದುರಿಗಿದ್ರೆ ಸಾಕು."

ಅಂಗಡಿಯವನು ಆ ದಿನ ವೇದಾಂತ ಹೇಳಿದ್ದ. ಹೇಳಿದೆನೆಂದು ಅವನಿಗೂ ಗೊತ್ತಿರಲಿಲ್ಲ. ದರ್ಜಿಯೋ, ಇವನು ಯಾವುದೋ ಹಳೇ ಮಾಲನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಎಂದುಕೊಂಡು ಎದ್ದು ಬಂದ.

ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು. ವಾರಕ್ಕೊಮ್ಮೆ ಪೇಟೆಗೆ ಹೋಗುವನು, ಅಳೆದು ತೂಗಿ ಬರಿಗೈಯಲ್ಲಿ ಬರುವನು. ಅಂಗಡಿಯ ಕ್ಯಾಮರಾದಲ್ಲಿ ಗೋಡೆಯ ಕ್ಯಾಲೆಂಡರನ್ನು ತೆಗೆದು ನೋಡಿದ, ಹೋಗುವ ಬಸ್ಸನ್ನು ತೆಗೆದು ನೋಡಿದ, ಮಲಗಿದ್ದ ನಾಯಿಯನ್ನು ತೆಗೆದು ನೋಡಿದ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆಯ ಅಳತೆ ಹೇಳುತ್ತಿದ್ದ ಮನುಷ್ಯ, ಅಂಗೈಯಗಲದ ಪೆಟ್ಟಿಗೆಯೊಂದರ ಅಳತೆ ಸಿಗದೆ ಒದ್ದಾಡಿದ. ಹಬ್ಬದ ಬಟ್ಟೆ ರಾಶಿ ಬಿದ್ದಿತ್ತು. ಒಬ್ಬಳ ರವಿಕೆಗೆ ಎರಡೂ ಬಲಗೈ ತೋಳನ್ನೇ ಹಚ್ಚಿ ಬೈಸಿಕೊಂಡ. ಮನೆಗೆ ಬಂದರೆ, ಅಕ್ಕನನ್ನು ಎಲ್ಲಿ ನಿಲ್ಲಿಸುವುದು, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಕುರ್ಚಿಯನ್ನು ಅತ್ತಿಂದಿತ್ತ ಎಳೆಯುವನು. ಅಕ್ಕ ಬಂದಾಗ ಏನು ಮಾತಾಡಬೇಕು ಎಂಬುದೊಂದನ್ನು ಮಾತ್ರ ಯೋಚಿಸಲಿಲ್ಲ. ನಗಬೇಡ. ನಾವೆಲ್ಲ ಹಾಗೆಯೇ.

ಹಬ್ಬದ ಹಿಂದಿನ ದಿನ, ಬೇರೆ ದಾರಿ ಇಲ್ಲದೆ, ಎಲ್ಲಕ್ಕಿಂತ ಅಗ್ಗದ್ದನ್ನು ಕೊಂಡು ತಂದ. ಮೊದಲ ದಿನ ಮೊದಲು ಕೈಗೆತ್ತಿಕೊಂಡದ್ದೂ ಅದನ್ನೇ.

ಆಯುಧಪೂಜೆಯ ಬೆಳಿಗ್ಗೆ ಹೊಲಿಗೆ ಯಂತ್ರ, ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ತೊಳೆದು ಒರೆಸಿ ಪೂಜೆಗಿಟ್ಟ. ಕ್ಯಾಮರಾವನ್ನೂ ಇಟ್ಟ. ಅಗ್ಗದ್ದಲ್ಲವೇ, ಅದರ ಗಾಜಿಗೆ ಮುಚ್ಚಳವಿರಲಿಲ್ಲ. ಹೆಂಡತಿ ಅದರ ಹಣೆ ಯಾವುದೆಂದು ತಿಳಿಯದೆ ಗಾಜಿನ ಮೇಲೆಯೇ ಗಂಧ ಹಚ್ಚಿ ಕುಂಕುಮ ಇಟ್ಟಳು. ಮಂಗಳಾರತಿ ಆಯಿತು, ಬೂದುಗುಂಬಳಕಾಯಿ ಒಡೆದದ್ದೂ ಆಯಿತು. ಹೆಂಡತಿ ಒಳಗೆ ಒಲೆಯ ಮುಂದೆ ಕುಳಿತಳು.

ಹತ್ತು ಗಂಟೆಯ ಬಸ್ಸಿಗೆ ಅಕ್ಕ ಬಂದಳು. ಚಪ್ಪಲಿ ಹೊರಗೆ ಬಿಟ್ಟಳು. ಸೆರಗು ಸರಿಮಾಡಿಕೊಂಡು, "ತಮ್ಮಾ" ಎಂದಳು.

ಅವನು ತಿರುಗಿ ನೋಡಿದ. ಮೇಲೆ ಮಾವಿನ ತೋರಣ, ಮುಖದ ಮೇಲೆ ಬಿಸಿಲು, ಒಳಗಿಡಲು ಎತ್ತಿದ ಬಲಗಾಲು. ಒಂಬತ್ತು ವರ್ಷದ ಮೇಲೆ ಅಕ್ಕ ಮನೆಯೊಳಗೆ ಕಾಲಿಡುತ್ತಿದ್ದಾಳೆ. ಇಂಥ ಫೋಟೋ ಮತ್ತೆ ಸಿಕ್ಕೀತೇ?

"ಅಕ್ಕಾ, ಅಲ್ಲೇ ನಿಲ್ಲು" ಎಂದ. ಎಂದವನೇ ಒಳಗೆ ಓಡಿದ.

ಎತ್ತಿದ ಕಾಲು ಹಿಂದಕ್ಕೆ ಹೋಯಿತು. ಅವನು ಅದನ್ನು ನೋಡಲಿಲ್ಲ.

ಒಳಗೆ ಅವನು ಕ್ಯಾಮರಾಕ್ಕೆ ಕೈ ಹಾಕುವುದನ್ನು ಕಂಡು ಹೆಂಡತಿ, "ಪೂಜೆಗಿಟ್ಟಿದ್ದನ್ನ ಮುಟ್ಟಬಾರದು ರೀ, ನಾಳೆ ಮರುಪೂಜೆ ಆಗ್ಲಿ" ಎಂದು ತಡೆದಳು. ಅವನು ಕೈ ಹಿಂದಕ್ಕೆಳೆದ, ಮತ್ತೆ ಚಾಚಿದ. ಅಕ್ಕ ಬಂದಿದ್ದಾಳೆ ಎಂದು ಹೇಳುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ. ಕ್ಯಾಮರಾಕ್ಕೆ ಕೈಮುಗಿದು ತಪ್ಪಾಯಿತು ಎಂದ. ಆ ಪೆಟ್ಟಿಗೆಗೆ ಹೇಳಿದ ನೋಡು, ತಪ್ಪಾಯಿತು ಎಂದು! ಪಂಚೆಯ ಅಂಚಿನಿಂದ ಗಂಧ ಒರೆಸಿದ, ಬಾಯಿಂದ ಊದಿದ, ಮತ್ತೆ ಒರೆಸಿದ. ಕಣ್ಣಿನ ಮುಂದೆ ಹಿಡಿದುಕೊಂಡೇ ಹೊರಗೆ ಬಂದು ಗುಂಡಿ ಒತ್ತಿದ.

ಅದರ ಸಣ್ಣ ಪರದೆಯಲ್ಲಿ ಹೊಸ್ತಿಲು ಕಂಡಿತು, ತೋರಣ ಕಂಡಿತು, ಬಿಸಿಲು ಕಂಡಿತು. ಅಕ್ಕ ಇರಲಿಲ್ಲ. ಚಪ್ಪಲಿಯೂ ಇರಲಿಲ್ಲ.

ಬಸ್ ನಿಲ್ದಾಣಕ್ಕೆ ಓಡಿದ. ಬಂದ ಬಸ್ಸೇ ತಿರುಗಿ ಹೋಗಿತ್ತು.

ಮರುದಿನ ಅಕ್ಕನ ಊರಿಗೆ ಹೋದ. ಬಾಗಿಲಲ್ಲಿ ಅವನ ನೆರಳು ಬಿದ್ದದ್ದೇ ತಡ, ಅವಳು "ಬಾ" ಎಂದಳು. ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಅವನು ಬಿಕ್ಕುತ್ತ ಎಲ್ಲವನ್ನೂ ಹೇಳಿದ. "ಒಳಗೆ ಬರಬೇಡ ಅಂತ ಅಲ್ಲಕ್ಕ, ನಿನ್ನ ಫೋಟೋ ತೆಗೆಯೋಕೆ ಅಂತ ಹಂಗಂದೆ" ಎಂದು ಕ್ಯಾಮರಾದಲ್ಲಿದ್ದ ಚಿತ್ರವನ್ನು ಸಾಕ್ಷಿಗೆ ತೋರಿಸಿದ. ಚಿತ್ರವೇನೋ ಬಹಳ ಚೆನ್ನಾಗಿ ಬಂದಿತ್ತು. ತೋರಣದ ಎಲೆಯ ನರವೂ ಕಾಣುತ್ತಿತ್ತು.

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದ್ರಲ್ಲೂ ನಾನಿಲ್ವಲ್ಲೋ ತಮ್ಮ" ಎಂದಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಶಿಷ್ಯ ಆಗಲೇ ಪುಸ್ತಕ ಬಿಡಿಸಿ ಬಗ್ಗಿಕೊಂಡು ಬರೆಯುತ್ತಿದ್ದ. ಅವನ ಕಾಲು ಮತ್ತೆ ಅಲುಗುತ್ತಿತ್ತು.

"ಹಾಗಾದರೆ ಗುರುಗಳೇ, ಮೊದಲ ದಿನವೇ ಯಾವುದಾದರೊಂದನ್ನು ಕೊಂಡು ಕೈಯಲ್ಲೇ ಇಟ್ಟುಕೊಂಡಿದ್ದರೆ ಸರಿಹೋಗುತ್ತಿತ್ತು, ಅಲ್ಲವೇ?" ಎಂದು ತಲೆ ಎತ್ತದೆ ಕೇಳಿದ.

ಗುರುಗಳು ಎಂದರು: "ನಿನ್ನ ಶಾಂತಿ ಬಂದು ನಿಂತಾಗ ನೀನು ಮೊದಲು ಅನ್ನುವುದು ಏನು, 'ಬಾ' ಎಂದೋ, 'ಅಲ್ಲೇ ನಿಲ್ಲು' ಎಂದೋ?"